ಅಲುಗಾಡದ ಚಿತ್ರ

ನಾನು ನಿಂತಿದ್ದದ್ದು ಸ್ಕ್ಯಾನ್ ಕೋಣೆಯ ಗಾಜಿನ ಈಚೆಗೆ, ಟೆಕ್ನೀಷಿಯನ್ ಕೂರುವ ಕುರ್ಚಿಯ ಎಡಕ್ಕೆ, ಪ್ರಿಂಟರ್ ಇಟ್ಟ ಮೇಜಿಗೆ ಸೊಂಟ ತಾಗಿಸಿಕೊಂಡು. ಅದು ಹೋದ ವರ್ಷದ ಹಿಂದಿನ ವರ್ಷ, ನಮ್ಮ ಕಡೆ ಬೋನಾಲು ಹಬ್ಬ ಮುಗಿದ ಮರುದಿನದ ಸೋಮವಾರ. ಬೆಳಿಗ್ಗೆ ಹನ್ನೊಂದೂವರೆ ದಾಟಿತ್ತು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಲು ಎದ್ದು ಬಂದಿದ್ದೆ. ಇಲ್ಲದಿದ್ದರೆ ನನ್ನ ಜಾಗ ಹಿಂದಿನ ಮೂಲೆ. ಅಲ್ಲಿಂದ ಗಾಜು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಆಮೇಲೆ ನಾನು ಯಾರಿಗೆ ಹೇಳಿದರೂ ಮೊದಲು ಕೇಳಿದ್ದು ಇದನ್ನೇ: ನೀವು ಎಲ್ಲಿದ್ದಿರಿ, ಅಲ್ಲಿಂದ ಏನು ಕಾಣುತ್ತಿತ್ತು?

ಕಾಣುತ್ತಿದ್ದದ್ದು ಇಷ್ಟು. ಗಾಜಿನ ಆಚೆ ಎಂಆರ್‌ಐ ಯಂತ್ರದ ದುಂಡನೆಯ ಬಾಯಿ. ಅದರೊಳಗೆ ತಲೆ ಮುಂದಾಗಿ ಹೋದ ಒಬ್ಬ ಹೆಂಗಸು. ಹೊರಗೆ ಉಳಿದದ್ದು ಅವಳ ಮೊಣಕಾಲಿನಿಂದ ಕೆಳಗಿನ ಭಾಗ, ಅದರ ಮೇಲೆ ನೀಲಿ ಹೊದಿಕೆ, ಹೊದಿಕೆಯ ತುದಿಯಲ್ಲಿ ನಮ್ಮ ಕಡೆಗೆ ತಿರುಗಿದ ಎರಡು ಅಂಗಾಲು. ಗಾಜಿನ ಈಚೆ, ಟೆಕ್ನೀಷಿಯನ್ ಮುಂದೆ, ಎರಡು ಪರದೆ.

ನಾನು ಅಲ್ಲಿ ರಿಪೋರ್ಟ್ ಟೈಪ್ ಮಾಡುವವನು. ಡಾಕ್ಟರು ಚಿತ್ರ ನೋಡಿ ಹೇಳುತ್ತಾರೆ, ನಾನು ಬಡಿಯುತ್ತೇನೆ. ಸ್ಕ್ಯಾನ್ ಸೆಂಟರ್ ಇರುವುದು ಹೈದರಾಬಾದಿನಲ್ಲಿ, ಮಲ್ಕಾಜ್‌ಗಿರಿಯಿಂದ ಕುಷಾಯಿಗೂಡಕ್ಕೆ ಹೋಗುವ ಕಡೆ. ನಮ್ಮ ತಂದೆ ರೈಲ್ವೆಯಲ್ಲಿದ್ದುದರಿಂದ ಮನೆ ಮಲ್ಕಾಜ್‌ಗಿರಿಯಲ್ಲೇ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೊ ಹತ್ತಿದರೆ ಹಿಂದಿ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಸೆಂಟರಿಗೆ ಬಂದಾಗ ನನ್ನನ್ನು ಕರೆಯುವುದುಂಟು. ಅಂದು ಆ ಕಾರಣಕ್ಕೆ ಯಾರೂ ಕರೆದಿರಲಿಲ್ಲ.

ಮುಂಚೆ ಅಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೇಳಬೇಕು. ಈ ಯಂತ್ರ ಎಕ್ಸ್‌ರೇ ಹಾಗೆ ಒಂದು ಕ್ಷಣದಲ್ಲಿ ಚಿತ್ರ ತೆಗೆಯುವುದಿಲ್ಲ. ಕೆಲವು ನಿಮಿಷ ಗಡಗಡ ಸದ್ದು ಮಾಡಿ ಒಂದು ಸುತ್ತು ಮುಗಿಸುತ್ತದೆ, ನಿಲ್ಲುತ್ತದೆ, ಮತ್ತೆ ಇನ್ನೊಂದು ಸುತ್ತು. ನಡುವೆ ಮಲಗಿದವರು ಅಲುಗಾಡಿದರೆ ಆ ಸುತ್ತಿನ ಚಿತ್ರಗಳೆಲ್ಲ ಕಲಕಿಹೋಗುತ್ತವೆ, ಕೊಳದ ನೀರಿಗೆ ಕೈ ಹಾಕಿದಂತೆ. ಆದ್ದರಿಂದ ಒಂದು ರೂಢಿ ಇತ್ತು. ರೋಗಿಯ ಜೊತೆ ಬಂದವರಲ್ಲಿ ಒಬ್ಬರನ್ನು ಒಳಗೆ ಬಿಟ್ಟು, ಸ್ಟೂಲಿನ ಮೇಲೆ ಕೂರಿಸಿ, ರೋಗಿಯ ಕಾಲು ಹಿಡಿದುಕೊಳ್ಳಲು ಹೇಳುತ್ತಿದ್ದೆವು. ಒಳಗೆ ಹೋಗುವವರು ತಾಳಿ, ಮೂಗುತಿ, ಕೀಲಿಕೈ, ಮೊಬೈಲ್ ಎಲ್ಲ ತೆಗೆದಿಡಬೇಕು, ಕಬ್ಬಿಣ ಹೊಕ್ಕರೆ ಯಂತ್ರ ಎಳೆದುಕೊಳ್ಳುತ್ತದೆ. ಜೊತೆಗೆ ಯಾರೂ ಇಲ್ಲದಿದ್ದರೆ ಆಯಾ ಹೋಗುತ್ತಿದ್ದಳು. ಕುಷಾಯಿಗೂಡದ ವಯಸ್ಸಾದ ಹೆಂಗಸು ಅವಳು. ಪ್ರತಿ ರೋಗಿಗೂ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೂಗುತ್ತಿದ್ದಳು: "ಕಾಳ್ಳು ಪಟ್ಟುಕುನೇದಿ ಎವರು?" ಕಾಲು ಹಿಡಿಯುವವರು ಯಾರು ಅಂತ.

ಹಿಡಿದವರ ಕೈಗೆ ರೋಗಿಯ ಭಯ ಗೊತ್ತಾಗುತ್ತಿತ್ತು. ಕಾಲು ತಣ್ಣಗಾದರೆ, ಬೆವರಿದರೆ, ಒದ್ದಾಡಿದರೆ ಅವರು ಗಾಜಿನ ಕಡೆ ಕೈ ಬೀಸುತ್ತಿದ್ದರು. ಅವರು ಬೀಸದಿದ್ದರೂ ಪರದೆಯ ಮೇಲೆ ಚಿತ್ರ ಕಲಕಿ ಬರುತ್ತಿತ್ತು. ಟೆಕ್ನೀಷಿಯನ್ ಯಂತ್ರ ನಿಲ್ಲಿಸಿ ಒಳಗೆ ಹೋಗಿ ಏನಾಯಿತೆಂದು ನೋಡುತ್ತಿದ್ದಳು. ಹೋಗಲೇಬೇಕಿತ್ತು, ಇಲ್ಲವಾದರೆ ಸ್ಕ್ಯಾನ್ ದಂಡ. ಅಷ್ಟಾದರೂ ಕೆಲವರ ಚಿತ್ರ ಕೆಡುತ್ತಿತ್ತು. ಆಗ ಡಾಕ್ಟರು ರಿಪೋರ್ಟಿನ ಕೊನೆಗೆ ಒಂದು ವಾಕ್ಯ ಹೇಳುತ್ತಿದ್ದರು, ರೋಗಿಯ ಅಲುಗಾಟದಿಂದ ಚಿತ್ರಗಳು ಅಸ್ಪಷ್ಟವಾಗಿವೆ ಎಂದು. ಆ ವಾಕ್ಯವನ್ನು ನಾನು ಎಷ್ಟು ಸಲ ಬಡಿದಿದ್ದೇನೆಂದರೆ ಅದಕ್ಕೆ ಕಣ್ಣು ಬೇಕಿರಲಿಲ್ಲ.

ಆಮೇಲೆ ಹೊಸ ಸಾಫ್ಟ್‌ವೇರ್ ಬಂತು. ಅದನ್ನು ಹಾಕಲು ಕಂಪನಿಯಿಂದ ಬಂದ ಎಂಜಿನಿಯರ್ ಚಿಕ್ಕ ವಯಸ್ಸಿನವನು, ಒಳ್ಳೆಯ ಮಾತುಗಾರ. ಇದು ನ್ಯೂರಲ್ ನೆಟ್‌ವರ್ಕ್ ಎಂದ. ಅಲುಗಾಡದೆ ಮಲಗಿದವರ ತಲೆಯ ಚಿತ್ರಗಳನ್ನೂ ಅಲುಗಾಡಿದವರ ಚಿತ್ರಗಳನ್ನೂ ರಾಶಿಗಟ್ಟಲೆ ತೋರಿಸಿ ಕಲಿಸಿದ್ದೇವೆ, ಕಲಕಿದ ಚಿತ್ರ ಕೊಟ್ಟರೆ ಕಲಕು ತೆಗೆದು ಕೊಡುತ್ತದೆ ಎಂದ. ನಮಗೆ ನಂಬಿಕೆ ಬರಲೆಂದು ತಾನೇ ಯಂತ್ರದೊಳಗೆ ಮಲಗಿ, ಬೇಕೆಂದೇ ತಲೆಯನ್ನು ಅತ್ತಿತ್ತ ಆಡಿಸಿದ. ಪರದೆಯ ಮೇಲೆ ಒಂದು ಕ್ಷಣ ಮಸುಕು ಮುದ್ದೆ ಬಂತು, ರೆಪ್ಪೆ ಬಡಿಯುವುದರೊಳಗೆ ಅದು ಸರಿದು ಗೆರೆ ಗೆರೆಯಾದ ಮೆದುಳು ನಿಂತಿತು. ಮೂಲೆಯಲ್ಲಿ ಹಳದಿ ಗುರುತೊಂದು ಹತ್ತಿತು. ಅಲುಗಾಟ ಸರಿಪಡಿಸಲಾಗಿದೆ ಎಂಬುದಕ್ಕೆ ಆ ಗುರುತು.

ಟೆಕ್ನೀಷಿಯನ್ ಮೈಕಿನಲ್ಲಿ ಕೂಗಿದಳು: "ಸಾರ್, ಮೀಕು ಬ್ರೇನ್ ಉಂದಿ! ಡೌಟು ಪಡ್ಡಾಂ!"

ನಿಮಗೆ ಮೆದುಳಿದೆ, ನಮಗೆ ಅನುಮಾನವಿತ್ತು ಎಂದದ್ದು. ಡಾಕ್ಟರೂ ನಕ್ಕರು. ಅವಳು ವರಂಗಲ್ ಕಡೆಯ ಹುಡುಗಿ, ಚುರುಕು, ಕೆಲಸದಲ್ಲಿ ಅಚ್ಚುಕಟ್ಟು. ನನ್ನನ್ನು ಅಂಕುಲ್ ಎನ್ನುತ್ತಿದ್ದಳು.

ಅದರಿಂದ ಒಳ್ಳೆಯದಾಗಿದೆ, ಅದನ್ನು ಮರೆಮಾಚಿದರೆ ನನ್ನ ಉಳಿದ ಮಾತಿಗೂ ಬೆಲೆ ಇರುವುದಿಲ್ಲ. ನಮ್ಮ ಓಣಿಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರಿಗೆ ಕೈ ತಲೆ ನಡುಗುವ ಕಾಯಿಲೆ. ಹಿಂದೆ ಬಂದಾಗಲೆಲ್ಲ ಚಿತ್ರ ಕೆಟ್ಟು ವಾಪಸಾಗಿದ್ದರು. ಹೊಸದು ಬಂದ ಮೇಲೆ ಒಂದೇ ಸಲಕ್ಕೆ ಆಯಿತು, ಸಣ್ಣದೊಂದು ಗಂಟು ಕಂಡಿತು, ಚಿಕಿತ್ಸೆಯೂ ಆಯಿತು. ಮಕ್ಕಳಿಗೆ ಮತ್ತು ಬರಿಸುವ ಇಂಜೆಕ್ಷನ್ ಕೊಡುವುದು ಕಡಿಮೆಯಾಯಿತು. ಮತ್ತು ನಾನು ಆ ವಾಕ್ಯ ಬಡಿಯುವುದು ನಿಂತುಹೋಯಿತು.

ಕಾಲು ಹಿಡಿಯುವುದೂ ನಿಂತಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಜೊತೆಯವರ ಮೂಗುತಿ ತಿರುಪು ಬಿಚ್ಚಿಸಿ ಒಳಗೆ ಕಳಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಈಗ ಅದು ಯಾಕೆ ಎಂದು ಒಂದು ದಿನ ಬಿಟ್ಟರು, ಮರುದಿನವೂ ಬಿಟ್ಟರು. ಸ್ಟೂಲು ಹೊರಗೆ ಬಂದು ನೀರಿನ ಕ್ಯಾನಿನ ಕೆಳಗೆ ಸೇರಿತು.

ಆ ಸೋಮವಾರ ಬಂದವರು ಅಕ್ಕ ತಂಗಿ. ಯಾದಗಿರಿ ಕಡೆಯವರು, ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ಕಾಂಕ್ರೀಟು ಹೊರುವ ಕೆಲಸ. ಅಕ್ಕನಿಗೆ ತಲೆನೋವು, ಸೈಟಿನಲ್ಲಿ ಒಮ್ಮೆ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ದವಾಖಾನೆಯವರು ತಲೆಯ ಸ್ಕ್ಯಾನ್ ಬರೆದಿದ್ದರು. ನಾನು ಚಹಾ ಕುಡಿಯಲು ಹೊರಗೆ ಬಂದವನು ಮನೆಗೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ತಂಗಿ ಹತ್ತಿರ ಬಂದಳು.

"ಯಣ್ಣಾ, ನಮ್ಮ ಮಾತ ಆಡ್ತೀರಲ್ರಿ! ಇದರಾಗ ಎಷ್ಟ ಹೊತ್ತ ಮಲಗ್ಬೇಕ್ರಿ?"

ಅರ್ಧ ತಾಸು ಆಗಬಹುದು ಎಂದೆ.

"ಅಯ್ಯ ಶಿವನ! ನಮ್ಮಕ್ಕ ಎಲ್ಲಿ ಮಲಗ್ತಾಳ್ರಿ? ಸಿಮೆಂಟ್ ಚೀಲಕ್ಕ ಬೆನ್ನ ಹಚ್ಚಿ ಕುಂತs ನಿದ್ದಿ ಮಾಡ್ತಾಳ. ದೇಸಾಯರ ಮನಿ ಸೊಸಿ ಈಕಿ, ಲೋಡ ಇಲ್ದ ನಿದ್ದಿ ಬರಂಗಿಲ್ಲ."

ಅಕ್ಕ ಬೆಂಚಿನ ಮೇಲಿಂದಲೇ ಬೈದಳು. "ಬಾಯಿ ಮುಚ್ಚ, ಹಲ್ಕಟ್. ಅಡ್ಡಾದ್ರ ಎದಿ ಮ್ಯಾಲ ಕಲ್ಲ ಇಟ್ಟಂಗ ಆಕೈತಿ. ಬಾಜೂಕ ನೀ ಗೊರಕಿ ಹೊಡಿಯಾಕತ್ತಿದ್ರ ಯಾರಿಗಿ ನಿದ್ದಿ ಬರ್ತೈತಿ?"

ಮೂವರೂ ನಕ್ಕೆವು. ಎದೆಯ ಮೇಲೆ ಕಲ್ಲು ಇಟ್ಟಂತೆ ಆಗುವುದಕ್ಕೆ ವೈದ್ಯಕೀಯದಲ್ಲಿ ಒಂದು ಅರ್ಥವಿದೆ ಎಂದು ನನಗೆ ತಿಳಿದದ್ದು ಅವಳು ಹೋದ ಮೇಲೆ. ಒಳಗೆ ಹೋಗುವವರಿಗೆ ಕೇಳುವ ಪ್ರಶ್ನೆಗಳೆಲ್ಲ ಕಬ್ಬಿಣದ ಬಗ್ಗೆ, ಆಪರೇಷನ್ ಬಗ್ಗೆ, ಹೊಟ್ಟೆಯಲ್ಲಿ ಮಗುವಿದೆಯೇ ಎಂಬುದರ ಬಗ್ಗೆ. ಹೇಗೆ ಮಲಗುತ್ತೀರಿ ಎಂದು ಯಾರೂ ಕೇಳುವುದಿಲ್ಲ.

ತಂಗಿಗೆ ಸೈಟಿನಲ್ಲಿ ಯಾರೋ ಹೇಳಿದ್ದರಂತೆ, ಒಳಗೆ ಕಾಲು ಹಿಡಿಯಬೇಕಾಗುತ್ತದೆ ಎಂದು. ಕಾಲುಂಗುರ, ಮೂಗಬಟ್ಟು ತೆಗೆದು ಸೆರಗಿಗೆ ಗಂಟು ಹಾಕಿಕೊಂಡು ತಯಾರಾಗಿದ್ದಳು. ಆಯಾ ತಡೆದಳು.

"ಅವಸರಂ ಲೇದಮ್ಮಾ. ಇಪ್ಪುಡು ಕಂಪ್ಯೂಟರೇ ಪಟ್ಟುಕುಂಟುಂದಿ."

ಬೇಡವಂತೆ, ಈಗ ಕಂಪ್ಯೂಟರೇ ಹಿಡಿದುಕೊಳ್ಳುತ್ತದಂತೆ ಎಂದು ನಾನು ಹೇಳಿದೆ.

"ಕಂಪೂಟರಿಗಿ ಕೈ ಅದಾವೇನ್ರಿ?" ಎಂದಳು. ಟೆಕ್ನೀಷಿಯನ್‌ಗೆ ಕನ್ನಡ ಬಾರದಿದ್ದರೂ ಅವಳ ಮುಖ ನೋಡಿ ನಗು ಬಂತು. ಹೊರಗೆ ಕಳಿಸದೆ, ತಾನು ಕೂರುವ ಕೋಣೆಯ ಬಾಗಿಲ ಬಳಿಯೇ ನಿಂತಿರಲು ಬಿಟ್ಟಳು. ಅಲ್ಲಿಂದ ಗಾಜು ಕಾಣುತ್ತದೆ. ಆಯಾ ಅಕ್ಕನನ್ನು ಮಲಗಿಸಿ, ತಲೆಗೆ ಚೌಕಟ್ಟು ಹಾಕಿ, ಎದೆಯ ಮೇಲೆ ಪಟ್ಟಿ ಬಿಗಿದು, ತೊಂದರೆಯಾದರೆ ಅದುಮಿ ನಮ್ಮ ಕಡೆ ಗಂಟೆ ಬಾರಿಸಲು ರಬ್ಬರ್ ಉಂಡೆಯನ್ನು ಕೈಗೆ ಕೊಟ್ಟು ಬಂದು ತಂಗಿಯ ಪಕ್ಕದಲ್ಲಿ ನಿಂತಳು.

ಮೊದಲ ಸುತ್ತು ಮುಗಿಯುವ ಹೊತ್ತಿಗೆ ನಾನು ಪ್ರಿಂಟರ್ ಬಳಿ ಬಂದಿದ್ದೆ. ಅಂಗಾಲುಗಳು ನಿಶ್ಚಲವಾಗಿದ್ದವು. ಟೆಕ್ನೀಷಿಯನ್ ಮೈಕಿನಲ್ಲಿ ಹಿಂದಿಯಲ್ಲಿ ವಿಚಾರಿಸಿದಳು: "ಅಮ್ಮಾ, ಠೀಕ್ ಹೈ?" ಸ್ಪೀಕರಿನಲ್ಲಿ ಉತ್ತರ ಬಂತು: "ಆರಾಮ ಅದೀನ್ರಿ."

ಹೈದರಾಬಾದಿನಲ್ಲಿ ಆರಾಮ್ ಎಂಬ ಮಾತಿಗೆ ಅನುವಾದ ಬೇಕಿಲ್ಲ. ಟೆಕ್ನೀಷಿಯನ್ ತಲೆಯಾಡಿಸಿ ಎರಡನೆಯ ಸುತ್ತು ಶುರು ಮಾಡಿದಳು. ಆದರೆ ನಮ್ಮ ಕಡೆಯವರು ಜ್ವರದಲ್ಲೂ ಆರಾಮ ಅನ್ನುತ್ತಾರೆ, ಕೈ ಮುರಿದುಕೊಂಡು ಕೂತವರೂ ಅನ್ನುತ್ತಾರೆ. ವಿಚಾರಿಸಿದವರಿಗೆ ಹಾಗೆ ಹೇಳುವುದು ಮರ್ಯಾದೆ. ದುಃಖವಿದ್ದರೆ ಆಮೇಲೆ, ಕೂತು, ನೀರು ಕುಡಿದ ಮೇಲೆ ಹೇಳುತ್ತಾರೆ. ಅವಳಿಗೆ ಆ ಆಮೇಲೆ ಸಿಗಲಿಲ್ಲ.

ಎರಡನೆಯ ಸುತ್ತಿನಲ್ಲಿ ನಾನು ಕಂಡದ್ದು ಕ್ರಮವಾಗಿ ಹೀಗೆ. ಮೊದಲು ಎರಡು ಪಾದ ಒಂದಕ್ಕೊಂದು ಉಜ್ಜಿಕೊಂಡವು, ಚಳಿಗೆ ಉಜ್ಜಿದಂತೆ. ಸ್ವಲ್ಪ ಹೊತ್ತು ಸುಮ್ಮನಾದವು. ನಂತರ ಬಲ ಮೊಣಕಾಲು ಮೇಲೆದ್ದಿತು, ಹೊದಿಕೆ ಒಂದು ಬದಿಗೆ ಜಾರಿತು. ಕಾಲು ಇಳಿಯಿತು, ಮತ್ತೆ ಎದ್ದಿತು. ಇಡೀ ಮೈ ಒಳಗೆ ಹೊರಳಲು ನೋಡುತ್ತಿದೆ ಎಂದು ಕಾಲಿನ ತಿರುವಿನಿಂದ ತಿಳಿಯುತ್ತಿತ್ತು. ಸದ್ದು ನಿಂತಿತು. ಪರದೆಯ ಮೇಲೆ ಒಂದು ಕ್ಷಣ ಮಸುಕು ಬಂದು, ಸರಿದು, ಶುದ್ಧವಾದ ಚಿತ್ರ ಬಂತು. ಹಳದಿ ಗುರುತು ಹತ್ತಿತು. ಅದು ದಿನಕ್ಕೆ ಹತ್ತಾರು ಸಲ ಹತ್ತುವ ಗುರುತು.

"ಅಮ್ಮಾ, ಕಾಲು ನೋಡು," ಎಂದು ನಾನು ಟೆಕ್ನೀಷಿಯನ್‌ಗೆ ತೆಲುಗಿನಲ್ಲಿ ಹೇಳಿದೆ.

ಅವಳ ಕಣ್ಣು ಪರದೆಯ ಮೇಲಿತ್ತು. "ಏಂ ಕಾದು ಅಂಕುಲ್, ಬೊಮ್ಮ ಬಾಗುಂದಿ." ಏನೂ ಆಗುವುದಿಲ್ಲ, ಚಿತ್ರ ಚೆನ್ನಾಗಿದೆ. ಮೂರನೆಯ ಸುತ್ತಿನ ಗುಂಡಿ ಒತ್ತಿಬಿಟ್ಟಿದ್ದಳು.

ತಂಗಿ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು. "ಅಕ್ಕಗ ಏನೋ ಆಗಾಕತ್ತೈತ್ರಿ. ಯಣ್ಣಾ, ಹೇಳ್ರಿ ಆಕಿಗಿ. ಬಂದ್ ಮಾಡಂತ ಹೇಳ್ರಿ!"

ಹೇಳಿದೆ. ಅಷ್ಟರಲ್ಲಿ ಹಿಮ್ಮಡಿಗಳು ಹಾಸಿಗೆಗೆ ಬಡಿಯುತ್ತಿದ್ದವು. ಬಡಿಯುವುದು ಕಾಣುತ್ತಿತ್ತು, ಯಂತ್ರದ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ತಂಗಿ ನುಗ್ಗಿ ಬಂದು ಅಂಗೈಯಿಂದ ಗಾಜಿಗೆ ಬಡಿದಳು. ಆಗ ಟೆಕ್ನೀಷಿಯನ್ ತಲೆ ಎತ್ತಿದಳು. ಅವಳು ನೋಡಿದಳು, ನೋಡಿದ್ದನ್ನು ನಾನು ನೋಡಿದೆ. ತಕ್ಷಣ ಯಂತ್ರ ನಿಲ್ಲಿಸಿ ಓಡಿದಳು. ಆಯಾ ಅವಳಿಗಿಂತ ಮುಂದೆ ಇದ್ದಳು.

ಹಾಸಿಗೆ ಹೊರಗೆಳೆದು ಪಟ್ಟಿ ಬಿಚ್ಚುತ್ತಲೇ ಅಕ್ಕ ತಾನೇ ಎದ್ದು ಕೂತಳು, ಆಯಾಳ ಹೆಗಲಿಗೆ ಎರಡೂ ಕೈಯಿಂದ ಜೋತುಬಿದ್ದಳು. ಬಾಯಲ್ಲಿ ನೊರೆ, ನೊರೆಯಲ್ಲಿ ನಸುಗೆಂಪು. ಉಸಿರು ಹುಕ್ಕದ ಗುಡುಗುಡಿಯ ಹಾಗೆ ಸದ್ದು ಮಾಡುತ್ತಿತ್ತು. ಮಾತು ಏನೂ ಬರಲಿಲ್ಲ. ರಬ್ಬರ್ ಉಂಡೆ ಹಾಸಿಗೆಯ ಬದಿಯಲ್ಲಿ ನೇತಾಡುತ್ತಿತ್ತು. ಅದು ಕೈಯಿಂದ ಯಾವಾಗ ಜಾರಿತೋ ನನಗೆ ಗೊತ್ತಿಲ್ಲ. ಗಂಟೆ ಬಾರಿಸಿದ್ದು ನಾನು ಕೇಳಿಲ್ಲ. ಬಾರಿಸಿಯೇ ಇಲ್ಲ ಎಂದೂ ಹೇಳಲಾರೆ.

ಆಂಬುಲೆನ್ಸ್ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಆ ಸಂಜೆಯೊಳಗೆ ಅಕ್ಕ ತೀರಿಕೊಂಡಳು. ಹೃದಯದ ಒಂದು ಕವಾಟ ಬಹಳ ಕಾಲದಿಂದ ಕಿರಿದಾಗಿತ್ತಂತೆ, ಯಾರಿಗೂ ತಿಳಿದಿರಲಿಲ್ಲ. ಅಂಥವರು ಚಪ್ಪಟೆ ಮಲಗಿದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ.

ನಮ್ಮ ಡಾಕ್ಟರು ಊಟದ ನಂತರ ಬರುವವರು. ಅವರಿಗೆ ಸುದ್ದಿ ಅರ್ಧ ಗೊತ್ತಿತ್ತು, ಯಾರಿಗೋ ಉಸಿರಾಟದ ತೊಂದರೆಯಾಗಿ ಕಳಿಸಿದ್ದಾರೆ ಎಂಬಷ್ಟು. ಮುಗಿದ ಎರಡು ಸುತ್ತಿನ ಚಿತ್ರಗಳನ್ನು ತೆರೆದು ಹೇಳತೊಡಗಿದರು. ಮೆದುಳಿನಲ್ಲಿ ದೋಷವಿಲ್ಲ. ಚಿತ್ರಗಳ ಗುಣಮಟ್ಟ ಉತ್ತಮ. ಅಲುಗಾಟ ಇಲ್ಲ.

ನಾನು ಕೀಲಿಮಣೆಯಿಂದ ಕೈ ತೆಗೆದೆ. "ಅಲುಗಾಡಿದ್ದಾರೆ ಸಾರ್."

"ಎಕ್ಕಡ? ಚೂಪಿಂಚು," ಎಂದರು. ಎಲ್ಲಿ, ತೋರಿಸು. ಕೋಪದಿಂದಲ್ಲ, ನಿಜವಾಗಿ ಕೇಳಿದರು. ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ಹೋದರು. ನಾನು ಬಗ್ಗಿ ನೋಡಿದೆ. ಎಲ್ಲೂ ಒಂದು ಗೆರೆ ಕದಡಿರಲಿಲ್ಲ. ಆ ಕಾಲುಗಳನ್ನು ಕಂಡವನು ಆ ಚಿತ್ರ ನೋಡಿದರೆ ತನ್ನ ಕಣ್ಣನ್ನೇ ಶಂಕಿಸಬೇಕು, ಹಾಗಿತ್ತು. ನಾನು ಕಂಡದ್ದನ್ನು ಹೇಳಿದೆ. ಅವರು ಕೊನೆಯ ಚಿತ್ರ ಮುಚ್ಚಿ, "ಸರಿ, ಆ ವಾಕ್ಯ ಬಿಡು," ಎಂದರು. ಹೀಗಾಗಿ ರಿಪೋರ್ಟಿನಲ್ಲಿ ಅವಳು ಅಲುಗಾಡಲಿಲ್ಲ ಎಂದೂ ಇಲ್ಲ, ಅಲುಗಾಡಿದಳು ಎಂದೂ ಇಲ್ಲ.

ಮೂರನೆಯ ದಿನ ಅವಳ ಗಂಡ ಊರಿನಿಂದ ಬಂದ, ಜೊತೆಗೆ ಸೈಟಿನ ಮೇಸ್ತ್ರಿ. ನಮ್ಮ ಸೆಂಟರಿನ ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಅವರನ್ನು ಕೂರಿಸಿ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ನಮ್ಮನ್ನೂ ಕರೆಸಿದ್ದರು. ತಂಗಿ ಬಾಗಿಲ ಹತ್ತಿರ ನಿಂತಿದ್ದಳು.

ಮ್ಯಾನೇಜರ್ ಹಿಂದಿಯಲ್ಲಿ ಹೇಳಿದ್ದು ಸರಳವಾಗಿತ್ತು. ಒದ್ದಾಡಿದವರ ಫೋಟೊ ಹೀಗೆ ಬರುವುದಿಲ್ಲ. ನೋಡಿ, ಎಷ್ಟು ಸ್ವಚ್ಛವಾಗಿದೆ. ಆಕೆ ಕೊನೆಯವರೆಗೆ ಶಾಂತವಾಗಿ ಮಲಗಿದ್ದಳು. ಹೊರಗೆ ಬಂದ ಮೇಲೆ ಒಮ್ಮೆಲೇ ಹೃದಯ ಕೈಕೊಟ್ಟಿತು, ಅದು ಯಾರ ಕೈಯಲ್ಲೂ ಇಲ್ಲ.

"ಸುಳ್ಳ!" ಎಂದಳು ತಂಗಿ. "ನಾ ನೋಡೀನ್ರಿ. ಕಾಲ ಬಡದಾಳ ನಮ್ಮಕ್ಕ. ಮೀನ ಬಡದಂಗ ಬಡದಾಳ."

ಗಂಡ ತಿರುಗಿಯೂ ನೋಡಲಿಲ್ಲ. "ಸುಮ್ಕಿರು. ಮಿಷಿನ್‌ದಾಗ ಬಂದೈತಿ, ನಿಂದೇನ ಹೆಚ್ಚಿಂದು? ಬಡದಿದ್ರ ನೀ ಏನ್ ಮಾಡಾಕತ್ತಿದ್ದಿ, ನಿಂತ ನೋಡಾಕತ್ತಿದ್ದೇನ?"

ಅವಳು ಹೊಸ್ತಿಲ ಆಚೆ ಸರಿದಳು.

ನಾನು ಮಾತಾಡಿದೆ. ಎಲ್ಲಿ ನಿಂತಿದ್ದೆ, ಏನು ಕಂಡೆ ಎಂಬುದನ್ನು ಮೇಲೆ ಬರೆದ ಕ್ರಮದಲ್ಲೇ ಹೇಳಿದೆ. ಮ್ಯಾನೇಜರ್ ತೆಲುಗಿಗೆ ತಿರುಗಿ, "ಮೀರು ಡಾಕ್ಟರಾ?" ಎಂದರು. ಅಲ್ಲ, ಟೈಪ್ ಮಾಡುವವನು ಎಂದೆ. ಸರಿಪಡಿಸುವ ಮೊದಲಿನ ಚಿತ್ರ ತೆರೆದರೆ ಗೊತ್ತಾಗುತ್ತದೆ ಎಂದೂ ಹೇಳಿದೆ. ಅವರು ಎಂಜಿನಿಯರ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅವನು ಹುಡುಕಿ ಹೇಳಿದ: ಮೊದಲಿನ ಚಿತ್ರವನ್ನು ನಮ್ಮ ಯಂತ್ರ ಉಳಿಸಿಕೊಳ್ಳುವುದಿಲ್ಲ, ಹಾಗೆ ಸೆಟ್ ಮಾಡಿದೆ, ಹಳದಿ ಗುರುತೂ ಪರದೆಯ ಮೇಲೆ ಮಾತ್ರ. ನಾನು ಕೇಳಿದೆ, ಹಾಗಾದರೆ ನಮ್ಮ ಮುಂದಿರುವ ಈ ಚಿತ್ರ ಏನು? ಅವನು ಪ್ರಾಮಾಣಿಕವಾಗಿ ಉತ್ತರಿಸಿದ. "ಅವರು ಅಲುಗಾಡದೆ ಮಲಗಿದ್ದರೆ ಹೇಗೆ ಬರುತ್ತಿತ್ತೋ ಅದು, ಸರ್. ಮೆದುಳು ಅವರದೇ. ಅದರಲ್ಲಿ ಸುಳ್ಳಿಲ್ಲ."

ಮೆದುಳು ಅವಳದೇ, ನಾನೂ ಒಪ್ಪುತ್ತೇನೆ. ಅಷ್ಟು ಶಾಂತವಾಗಿ ಮಲಗಿದ್ದ ಹೆಂಗಸು ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ. ಇದನ್ನು ಕನ್ನಡದಲ್ಲಿ ಆ ಗಂಡನಿಗೆ ಹೇಳಲು ಎರಡು ಸಲ ಪ್ರಯತ್ನಿಸಿದೆ. ಅವನು ಪರದೆಯನ್ನೇ ನೋಡುತ್ತಿದ್ದ. ಹೆಂಡತಿ ನೋವಿಲ್ಲದೆ ಹೋದಳು ಎಂಬುದು ಅವನಿಗೆ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಯಾ ನೆಲ ನೋಡುತ್ತಾ, ನಾನೂ ನೋಡಿದೆ ಎಂದಳು. ಅವಳ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಟೆಕ್ನೀಷಿಯನ್ ಬಾಯಿ ತೆರೆಯಲಿಲ್ಲ. ಗಾಡಿ ನಿಲ್ಲಿಸುವಲ್ಲಿ ಸಂಜೆ ಸಿಕ್ಕಾಗ, ನಾನು ಕೇಳದೆಯೇ, "ಚೂಶಾನು ಅಂಕುಲ್," ಎಂದಳು. ನೋಡಿದೆ ಅಂಕಲ್. ಸ್ಕೂಟಿ ಹತ್ತಿ ಹೊರಟುಹೋದಳು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟಳು.

ಮಾತು ಅಲ್ಲಿಗೆ ಮುಗಿಯಿತು. ದೂರು ಯಾರೂ ಕೊಡಲಿಲ್ಲ.

ದೀಪಾವಳಿ ಕಳೆದ ಮೇಲೆ ತಂಗಿ ಫೋನ್ ಮಾಡಿದಳು. ನಂಬರ್ ಆಯಾಳಿಂದ ತೆಗೆದುಕೊಂಡಿದ್ದಳಂತೆ. ಊರಲ್ಲಿ ಭಾವ ಎಲ್ಲರಿಗೂ ಹೇಳುತ್ತಿದ್ದಾನೆ, ಆಕೆ ನಿದ್ದೆ ಮಾಡಿದ ಹಾಗೆ ಹೋದಳು, ಫೋಟೊದಲ್ಲಿ ನಾನೇ ನೋಡಿದೆ ಎಂದು. ಇವಳು ಬಾಯಿ ಬಿಟ್ಟರೆ, ದುಃಖಕ್ಕೆ ತಲೆ ಕೆಟ್ಟಿದೆ ಅನ್ನುತ್ತಾರೆ.

"ಯಣ್ಣಾ, ಒಂದ ಕೇಳ್ತೀನ್ರಿ. ಖರೇ ಹೇಳ್ಬೇಕು. ನೀವೂ ನೋಡೀರಿಲ್ಲೋ? ಇತ್ತಿತ್ಲಾಗ ನನಗs ಅನುಮಾನ ಬರಾಕತ್ತೈತ್ರಿ. ಎಲ್ಲಾರೂ ಇಲ್ಲ ಅಂದ್ರ, ಫೋಟೋನೂ ಇಲ್ಲ ಅಂದ್ರ, ನಾ ಏನ್ ಕಂಡೆ ಮತ್ತ?"

"ನೋಡೀನಿ ಯವ್ವಾ," ಎಂದೆ. ಪಾದ ಉಜ್ಜಿದ್ದು, ಬಲ ಮೊಣಕಾಲು ಎದ್ದದ್ದು, ಹೊದಿಕೆ ಜಾರಿದ್ದು, ಹಿಮ್ಮಡಿ ಬಡಿದದ್ದು ಎಲ್ಲ ಮತ್ತೆ ಕ್ರಮವಾಗಿ ಹೇಳಿದೆ. ಕೊನೆಗೆ, "ಗಾಜಿಗಿ ನಾ ಬಡದದ್ದು?" ಎಂದಳು.

"ಬಡದಿ. ನೀ ಬಡದ ಮ್ಯಾಲs ಆಕಿ ನಿಲ್ಲಿಸಿದ್ದು. ನೀ ಸುಮ್ನ ನಿಂತಿರಲಿಲ್ಲ."

ಆಗ ಅತ್ತಳು. ಸುಮಾರು ಹೊತ್ತು ಅತ್ತಳು, ನಾನು ಫೋನ್ ಹಿಡಿದುಕೊಂಡೇ ಇದ್ದೆ. "ಇದನ್ನ ಎಲ್ಲೆರ ಬರದ ಇಡ್ರಿ," ಎಂದಳು. "ನೀವು ಬರಿಯೋರಲ್ರಿ."

ಹಾಗಾಗಿ ಬರೆದಿದ್ದೇನೆ. ಅಂದು ಗಾಜಿನ ಈಚೆ ಇದ್ದು ಕಂಡವರು ನಾಲ್ವರು. ಆಯಾ ಹೋದ ಬೇಸಿಗೆಯಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು. ಟೆಕ್ನೀಷಿಯನ್ ವರಂಗಲ್‌ನಲ್ಲಿದ್ದಾಳೆ, ಬೇರೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದ ಕೆಲಸ, ಮದುವೆಯಾಗಿದೆ. ತಂಗಿ ಊರಿಗೆ ಹೋಗಿ ಮತ್ತೆ ಬಂದು, ಮಿಯಾಪುರದ ಕಡೆ ಒಂದು ಕಟ್ಟಡದಲ್ಲಿ ಕಾಂಕ್ರೀಟು ಹೊರುತ್ತಿದ್ದಾಳೆ. ನಾಲ್ಕನೆಯವನು ನಾನು.